ತೊರವಿಯಿಂದ ಅರಕಿಲ್ಲೆಗೆ: ನೀರು ನಡೆದ ದಾರಿಯಲ್ಲಿ

ಗೋಳಗುಮ್ಮಟವನ್ನು ಹತ್ತಿ ಇಳಿದವರು ವಿಜಯಪುರವನ್ನು ನೋಡಿ ಮುಗಿಸಿದೆವೆಂದು ತಿಳಿಯುವುದು ವಾಡಿಕೆ. ಪಿಸುಮಾತಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿ, ಇಬ್ರಾಹಿಂ ರೋಜಾದ ಮುಂದೆ ಭಾವಚಿತ್ರ ತೆಗೆಸಿಕೊಂಡು, ಮಲಿಕ್-ಎ-ಮೈದಾನ್ ತೋಪಿನ ಬೆನ್ನು ತಡವಿ ಸಂಜೆಯ ಬಸ್ಸಿಗೆ ಓಡುವ ಪ್ರವಾಸಿಗರನ್ನು ನಾವು ದೂರುವುದಿಲ್ಲ. ನಾವೇ ಹಾಗೆ ಮಾಡಿದವರು, ಅದೂ ಒಂದಲ್ಲ, ನಾಲ್ಕು ಸಲ. ಐದನೆಯ ಸಲವಾದರೂ ಗುಮ್ಮಟದ ಕಡೆಗೆ ಮುಖ ಮಾಡದೆ, ಕೋಟೆಯ ಒಳಗಿನ ಹಳೆಯ ಓಣಿಗಳನ್ನು ಕಾಲ್ನಡಿಗೆಯಲ್ಲಿ ನೋಡಬೇಕೆಂಬ ಆಸೆ ನಮ್ಮಲ್ಲಿ ಬಹುಕಾಲದಿಂದ ಇತ್ತು. ಅದು ಈಡೇರಿದ ಬಗೆಯನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಹೊರಟವರು ಒಂಬತ್ತು ಮಂದಿ. ನಿವೃತ್ತ ಮಾಸ್ತರರೊಬ್ಬರು, ಕನ್ಯಾಭಗಿನಿಯರಿಬ್ಬರು, ಕಾಲೇಜಿನ ನಾಲ್ವರು ತರುಣ ತರುಣಿಯರು, ಬಬಲೇಶ್ವರದ ರೈತ ಮಿತ್ರರೊಬ್ಬರು, ಮತ್ತು ಈ ಲೇಖನಿ ಹಿಡಿದವರು. ದಾರಿಯನ್ನು ಗೊತ್ತುಮಾಡಿದವರು ಮಾಸ್ತರರು. "ಊರನ್ನು ಬಾಗಿಲಿನಿಂದ ನೋಡಬೇಡಿ, ನೀರಿನಿಂದ ನೋಡಿರಿ. ನೀರು ಯಾವ ಕಡೆಯಿಂದ ಬಂದಿತೋ ಆ ಕಡೆಯಿಂದ ನಾವೂ ಹೋಗೋಣ" ಎಂಬುದು ಅವರ ಸಲಹೆ. ಆದಿಲಶಾಹಿ ರಾಜಧಾನಿಗೆ ನೀರು ಪಶ್ಚಿಮದ ತೊರವಿಯಿಂದ ಬಂದಿತ್ತು. ಆ ಕಾರಣ ನಾವು ಇನ್ನೂ ಪಶ್ಚಿಮಕ್ಕೆ ಸರಿದು, ತಿಕೋಟಾದಲ್ಲಿ ಪರಿಚಿತರೊಬ್ಬರ ದ್ರಾಕ್ಷಿ ತೋಟದ ಮನೆಯಲ್ಲಿ ರಾತ್ರಿ ಕಳೆದು, ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಗಿಸಿ ಪೂರ್ವಕ್ಕೆ ಹೊರಟೆವು.

ತಿಕೋಟಾ ಇಂದು ತಾಲೂಕು ಕೇಂದ್ರ, ಬಬಲೇಶ್ವರವೂ ಹಾಗೆಯೇ. ಎರಡೂ ಮೊದಲು ವಿಜಯಪುರ ತಾಲೂಕಿನ ಊರುಗಳು. ತಿಕೋಟಾದ ಹೆಸರು ದ್ರಾಕ್ಷಿಯಿಂದ, ಒಣದ್ರಾಕ್ಷಿಯಿಂದ ದೂರದ ಪೇಟೆಗಳನ್ನು ತಲುಪಿದೆ. ಆದರೆ ಈ ಸಿಹಿಯ ಹಿಂದಿನ ಕಥೆ ಬೇರೆ. ಬರಗಾಲದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿಗಳ ಬುಡಕ್ಕೆ ಹನಿಸಿ ತೋಟ ಉಳಿಸಿಕೊಂಡವರು ಇಲ್ಲಿ ಅನೇಕರು. ಒಂದು ಕೊಳವೆಬಾವಿ ಬತ್ತಿದರೆ ಇನ್ನೊಂದು, ಅದೂ ಬತ್ತಿದರೆ ಮತ್ತೊಂದು. ನಮ್ಮ ಆತಿಥೇಯರ ಹೊಲದಲ್ಲಿ ಬತ್ತಿದ ಬಾವಿಗಳ ಕಬ್ಬಿಣದ ಬಾಯಿಗಳು ಐದು ಕಡೆ ಕಂಡವು. ಈಚಿನ ವರ್ಷಗಳಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಮೇಲೇರಿ ಈ ಭಾಗದ ಕೆರೆಗಳಿಗೆ ಬರತೊಡಗಿದ ಮೇಲೆ ರೈತರ ಮುಖದಲ್ಲಿ ಕೊಂಚ ಗೆಲುವು ಕಾಣುತ್ತಿದೆ.

ಬಬಲೇಶ್ವರದ ಮಿತ್ರರು ಇದನ್ನು ಕೇಳಿ ನಕ್ಕರು. "ನಮ್ಮ ಕಡಿ ಮಮದಾಪುರ ಕೆರಿ ಕಟ್ಟಿದವರು ಯಾರ ಅಂತೀರಿ? ಗೋಳಗುಮ್ಮಟ ಕಟ್ಟಿಸಿದ ಬಾದಶಹಾನ. ಗುಮ್ಮಟ ನೋಡಾಕ ಸಾವಿರ ಮಂದಿ ಬರ್ತಾರ, ಕೆರಿ ನೋಡಾಕ ಯಾರೂ ಬರಾಂಗಿಲ್ಲ" ಎಂದರು. ಮಾತು ನಿಜ. ಮುಹಮ್ಮದ್ ಆದಿಲಶಾಹನ ಹೆಸರನ್ನೇ ಹೊತ್ತ ಆ ಊರಿನ ಕೆರೆ ಬಬಲೇಶ್ವರ ಸೀಮೆಯಲ್ಲಿ ಇಂದಿಗೂ ಇದೆ. ಮಣ್ಣೇನೋ ಕಪ್ಪು, ಫಲವತ್ತು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ ಹುಟ್ಟಿದ್ದೇ ಈ ನೆಲದಲ್ಲಿ. ಆದರೆ ಡೋಣಿ ಹರಿಯುವುದು ಮಳೆರಾಯನ ಮರ್ಜಿಯಿಂದ. ಅದರ ನೀರೂ ಉಪ್ಪು. ಇಂಥ ನಾಡಿನಲ್ಲಿ ರಾಜಧಾನಿ ಕಟ್ಟಲು ಹೊರಟವನಿಗೆ ಮೊದಲ ಚಿಂತೆ ಅರಮನೆಯದಲ್ಲ, ಕೊಡದ್ದು.

ತೊರವಿಯ ನೆಲದಡಿ

ತೊರವಿ ನಗರದಿಂದ ಐದಾರು ಕಿಲೋಮೀಟರು. ಕನ್ನಡಿಗರಿಗೆ ಈ ಊರು ತೊರವೆ ರಾಮಾಯಣದಿಂದ ಚಿರಪರಿಚಿತ. ಕುಮಾರ ವಾಲ್ಮೀಕಿ ತನ್ನ ಕಾವ್ಯವನ್ನು ಇಲ್ಲಿಯ ನರಸಿಂಹನಿಗೆ ಅರ್ಪಿಸಿದನು. ಪಕ್ಕದಲ್ಲಿಯೇ ನವರಸಪುರ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಹೊಸ ನಗರವೊಂದನ್ನು ಇಲ್ಲಿ ಕಟ್ಟತೊಡಗಿದನು. ಸಂಗೀತದಲ್ಲಿ ಮುಳುಗಿದ್ದ, ಸರಸ್ವತಿಯನ್ನೂ ಗಣಪತಿಯನ್ನೂ ತನ್ನ ಹಾಡುಗಳಲ್ಲಿ ನೆನೆದ, ಪ್ರಜೆಗಳಿಂದ ಜಗದ್ಗುರು ಎನಿಸಿಕೊಂಡ ಈ ಸುಲ್ತಾನನ ಕನಸು ಪೂರ್ಣವಾಗಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಉಳಿದಿರುವ ಸಂಗೀತ ಮಹಲಿನ ಎತ್ತರದ ಕಮಾನಿನ ಕೆಳಗೆ ನಾವು ಹೋದಾಗ ಕುರಿಗಳು ನೆರಳಿಗೆ ನಿಂತಿದ್ದವು. ಕಾಯುವ ಹುಡುಗ ನಮ್ಮನ್ನು ಕಂಡು, ಕೇಳದಿದ್ದರೂ, "ಗೋಳಗುಮ್ಮಟ ಆ ಕಡಿ ಐತ್ರಿ" ಎಂದು ಪೂರ್ವಕ್ಕೆ ಕೈ ತೋರಿಸಿದನು.

ಇಲ್ಲಿಂದ ಮುಂದೆ ನೋಡಬೇಕಾದದ್ದು ನೆಲದ ಮೇಲಿಲ್ಲ. ತೊರವಿಯ ತಗ್ಗಿನಲ್ಲಿ ನಿಂತ ನೀರನ್ನು ನೆಲದಡಿ ಸುರಂಗ ಕೊರೆದು, ಕಲ್ಲು ಗಾರೆಯ ಕಟ್ಟಡದಿಂದ ಭದ್ರಪಡಿಸಿ, ಇಳಿಜಾರನ್ನು ಬೆರಳಿನಷ್ಟೂ ತಪ್ಪದಂತೆ ಕಾಯ್ದುಕೊಂಡು ನಗರದ ಪಶ್ಚಿಮ ಗೋಡೆಯವರೆಗೆ ತಂದಿದ್ದರು. ಪರ್ಶಿಯಾ ದೇಶದವರು ಕಾರೇಜ್ ಎಂದು ಕರೆಯುವ ವಿದ್ಯೆಯ ಬಳಗಕ್ಕೆ ಸೇರಿದ ಕೆಲಸವಿದು. ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟಿದ್ದಾರೆ. ಹೊಲಗಳ ನಡುವೆ ಅಂಥ ಕಂಡಿಗಳನ್ನು ಹುಡುಕುತ್ತ ಹೋಗುವುದೇ ಒಂದು ಆಟವಾಯಿತು. ಒಂದು ಸಿಕ್ಕಿತು, ಎರಡು ಸಿಕ್ಕವು; ಮೂರನೆಯದರ ಮೇಲೆ ತೊಗರಿಯ ಕಟ್ಟಿಗೆ ಹೊರೆ ಹೇರಿದ್ದರು. ಈ ಸುರಂಗದ ಭಾಗವಾದ ಸುರಂಗ ಬಾವಡಿ ಈಗ ಲೋಕದ ಗಮನ ಸೆಳೆದಿದೆ. ದಖ್ಖನ್ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆಗಳು 2020ರ ವಿಶ್ವ ಸ್ಮಾರಕ ನಿಧಿಯ ಪಟ್ಟಿಯಲ್ಲಿ ಸ್ಥಾನ ಪಡೆದಾಗ ವಿಜಯಪುರದವರು ಹಿಗ್ಗಿದುದು ಸಹಜವೇ. ಹೊರಗಿನವರು ಹೇಳಿದ ಮೇಲೆ ನಮಗೆ ನಮ್ಮ ಬಾವಿ ಕಾಣುವುದು ಹೊಸತೇನಲ್ಲ.

ನಗರದ ಹತ್ತಿರ ಬಂದಂತೆ ಅಫಜಲಪುರ ಟಕ್ಕೆಯ ಕಡೆಗೆ ದಾರಿ ಒಡೆಯುತ್ತದೆ. ಅಫಜಲಖಾನನ ಪತ್ನಿಯರದೆಂದು ಜನ ಹೇಳುವ ಗೋರಿಗಳ ಸಾಲು ಅಲ್ಲಿದೆ. ವಿದ್ಯಾರ್ಥಿನಿಯರು ಹೋಗೋಣವೆಂದರು, ಹೋಗಿ ಬಂದರು. ಬಂದವರು ಬಹಳ ಹೊತ್ತು ಮಾತಾಡಲಿಲ್ಲ.

ಗೋಡೆಯ ಒಳಗೆ

ವಿಜಯಪುರದ ಕೋಟೆಯ ಸುತ್ತಳತೆ ಸುಮಾರು 10 ಕಿಲೋಮೀಟರು, ಬುರುಜುಗಳು 96. ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ, ರಕ್ಕಸತಂಗಡಗಿಯ ಯುದ್ಧ ನಡೆದ 1565ರ ಆಸುಪಾಸಿನಲ್ಲಿ, ಈ ಗೋಡೆ ಮುಗಿಯಿತು. ಇಂದು ಊರು ಗೋಡೆಯನ್ನು ದಾಟಿ ನಾಲ್ಕೂ ದಿಕ್ಕಿಗೆ ಹಬ್ಬಿದೆ. 2011ರ ಜನಗಣತಿಯ ಹೊತ್ತಿಗೇ ಮೂರು ಲಕ್ಷ ಮೀರಿದ್ದ ಊರು ಆಮೇಲೆ ಮಹಾನಗರಪಾಲಿಕೆಯಾಯಿತು. 2014ರ ರಾಜ್ಯೋತ್ಸವದಂದು ಬಿಜಾಪುರವೆಂಬ ಹೆಸರು ಸರಕಾರಿ ದಾಖಲೆಯಲ್ಲಿ ವಿಜಯಪುರವಾಯಿತು. ಬಹುಮಹಡಿ ಕಟ್ಟಡ, ಕಾರಿನ ಅಂಗಡಿ, ಆಸ್ಪತ್ರೆಗಳ ಸಾಲು, ಮೇಲೆ ಮೊಬೈಲ್ ಗೋಪುರ ಎಲ್ಲವೂ ಇವೆ. ಆದರೆ ಪಶ್ಚಿಮದಿಂದ ಗೋಡೆಯ ಒಳಗೆ ಕಾಲಿಟ್ಟವನಿಗೆ ಮೊದಲು ಸಿಗುವುದು ಅವೊಂದೂ ಅಲ್ಲ, ತಾಜ್ ಬಾವಡಿ.

ಈ ಬಾವಡಿಯನ್ನು ಬಾವಿ ಎನ್ನುವುದಕ್ಕೆ ನಾಲಿಗೆ ಹಿಂಜರಿಯುತ್ತದೆ. ಒಂದೊಂದು ಬದಿಯೂ 220 ಅಡಿಗೂ ಮಿಕ್ಕ ಚೌಕ. ಆಳ 50 ಅಡಿಗಿಂತ ಹೆಚ್ಚು. ಎರಡು ಅಷ್ಟಕೋನ ಬುರುಜುಗಳ ನಡುವಿನ ದೊಡ್ಡ ಕಮಾನನ್ನು ದಾಟಿ ಮೆಟ್ಟಿಲಿಳಿದರೆ ನಡು ಬೇಸಿಗೆಯಲ್ಲಿಯೂ ತಂಪು. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಮಲಿಕ್ ಸಂದಲ್ ಎಂಬ ಅಧಿಕಾರಿ 1620ರಲ್ಲಿ ಕಟ್ಟಿಸಿದುದೆಂದು ಪ್ರತೀತಿ. ಎರಡೂ ಪಕ್ಕದ ಕೋಣೆಗಳಲ್ಲಿ ದೂರದಿಂದ ಬಂದ ದಾರಿಹೋಕರು ತಂಗುತ್ತಿದ್ದರು. ಇದಕ್ಕೂ ಹಳೆಯದು ಶಹಾಪುರ ಬಾಗಿಲ ಹತ್ತಿರದ ಚಾಂದ ಬಾವಡಿ. ಅದು 1579ರದು, ಚಾಂದಬೀಬಿಯ ಹೆಸರಿನದು.

ಅರಸರ ಕಾಲ ಹೋಯಿತು. ನಲ್ಲಿ ಬಂದಿತು. ಆಮೇಲೆ ನಡೆದುದನ್ನು ಹೇಳುವುದಕ್ಕೆ ಸಂಕೋಚವಾಗುತ್ತದೆ. ಬಟ್ಟೆ ಒಗೆದ ಸಾಬೂನು ನೀರು, ಹಬ್ಬ ಮುಗಿದ ಮೇಲೆ ಬಿಟ್ಟ ಮೂರ್ತಿಗಳು, ಮನೆಯ ಕಸ ಎಲ್ಲಕ್ಕೂ ಬಾವಡಿಯೇ ಗತಿಯಾಯಿತು. ನೀರು ಹಸಿರಾಗಿ ಪಾಚಿಗಟ್ಟಿ, ಪಕ್ಕದಲ್ಲಿ ಹಾದುಹೋಗುವವರು ಮೂಗಿಗೆ ಸೆರಗು ಹಿಡಿಯುವಂತಾಯಿತು. 2017ರ ಸುಮಾರಿಗೆ, ಬಬಲೇಶ್ವರ ಕ್ಷೇತ್ರದ ಶಾಸಕರಾದ ಎಂ. ಬಿ. ಪಾಟೀಲರು ಜಲಸಂಪನ್ಮೂಲ ಸಚಿವರಾಗಿದ್ದಾಗ, ತಾಜ್ ಬಾವಡಿಯನ್ನೂ ಊರಿನ ಇತರ ಹಲವು ಬಾವಡಿಗಳನ್ನೂ ಬರಿದುಮಾಡಿ ಹೂಳೆತ್ತುವ ಕಾರ್ಯ ನಡೆಯಿತು. ತಳದಿಂದ ಮತ್ತೆ ಊಟೆ ಒಡೆದು ನೀರು ಬಂದುದನ್ನು ಕಂಡವರು ಇಂದಿಗೂ ಅದನ್ನು ಉತ್ಸಾಹದಿಂದ ವರ್ಣಿಸುತ್ತಾರೆ. ನಾಲ್ಕು ಶತಮಾನದ ಬಾವಿ ಸತ್ತಿರಲಿಲ್ಲ. ಅದರ ಬಾಯಿಯನ್ನು ನಾವು ಕಟ್ಟಿದ್ದೆವು, ಅಷ್ಟೆ.

ತಾಜ್ ಬಾವಡಿಯಿಂದ ಜೋಡ ಗುಮ್ಮಟದ ಕಡೆಗೆ ನಡೆದರೆ ಓಣಿಗಳು ಸಂದಿಯಾಗುತ್ತವೆ. ಒಬ್ಬರ ಜಗುಲಿ ಇನ್ನೊಬ್ಬರ ಬಾಗಿಲು. ಜೋಡ ಗುಮ್ಮಟ ಎಂಬ ಅವಳಿ ಗೋರಿಗಳಲ್ಲಿ ಒಂದರಲ್ಲಿ ಆಂಗ್ಲರ ಕಾಲದ ಎಂಜಿನಿಯರ ಸಾಹೇಬರು ಸಂಸಾರ ಹೂಡಿದ್ದರೆಂದು ಕೇಳಿ ವಿದ್ಯಾರ್ಥಿಗಳು ನಂಬಲೇ ಇಲ್ಲ. ಆದರೆ ನಡೆದುದು ಹಾಗೆಯೇ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಹೊಸ ಕಚೇರಿಗಳನ್ನು ಕಟ್ಟುವ ಬದಲು ಹಾಳು ಮಹಲುಗಳಿಗೆ ಸುಣ್ಣ ಬಳಿದು ಒಳಹೊಕ್ಕರು. ಬುಖಾರಾ ಮಸೀದಿ ಅಂಚೆ ಕಚೇರಿಯಾಯಿತು. ಚೀನೀ ಮಹಲು ಕಲೆಕ್ಟರರ ಕಚೇರಿಯಾಯಿತು. ಮೊದಲು ನಾವು ಇದನ್ನು ಅನಾಗರಿಕವೆಂದು ಬಗೆದಿದ್ದೆವು. ಈಗ ಅಷ್ಟು ಖಂಡಿತವಾಗಿ ಹೇಳಲಾರೆವು. ಮನುಷ್ಯರು ವಾಸಿಸಿದ ಕಟ್ಟಡದ ಮಾಳಿಗೆಯನ್ನು ಯಾರಾದರೂ ಒಬ್ಬರು ಸೋರದಂತೆ ನೋಡಿಕೊಳ್ಳುತ್ತಾರೆ.

ಈ ಓಣಿಗಳ ನಡುವೆ ಅಲ್ಲಲ್ಲಿ, ಮನೆಗಳ ತಲೆಗಿಂತ ಎತ್ತರವಾಗಿ, ಕಿಟಕಿ ಬಾಗಿಲುಗಳಿಲ್ಲದ ಚೌಕಾಕಾರದ ಗೋಪುರಗಳು ನಿಂತಿವೆ. ಕಾವಲು ಬುರುಜೆಂದು ಪ್ರವಾಸಿಗರು ತಿಳಿಯುವುದುಂಟು. ಇವು ಗಂಜುಗಳು, ನೀರಿನ ಗೋಪುರಗಳು. ನೆಲದಡಿ ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೀರು ಒತ್ತಡದಿಂದ ಬರುತ್ತಿತ್ತು. ಹಾಗೆಯೇ ಬಿಟ್ಟರೆ ಕೊಳವೆ ಒಡೆಯುವ ಭಯ. ಆದುದರಿಂದ ನಡುನಡುವೆ ಈ ಗೋಪುರಗಳೊಳಗೆ ನೀರನ್ನು ಮೇಲೇರಿಸಿ, ಅಲ್ಲಿಯ ತೊಟ್ಟಿಯಲ್ಲಿ ಅದರ ಒತ್ತಡ ತಗ್ಗಿಸಿ, ರಾಡಿಯನ್ನು ತಳದಲ್ಲಿ ನಿಲ್ಲಿಸಿ, ತಿಳಿಯಾದುದನ್ನು ಮುಂದಿನ ಓಣಿಗೆ ಬಿಡುತ್ತಿದ್ದರು. 1651ರಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿದ ಮೇಲೆ ಅಲ್ಲಿಂದಲೂ ಇದೇ ರೀತಿಯಲ್ಲಿ ನೀರು ಬಂದಿತು. ಅಸರ ಮಹಲಿನ ಮುಂದಿನ ಹೊಂಡ ತುಂಬುತ್ತಿದ್ದುದು ಆ ನೀರಿನಿಂದ.

ಒಂದು ಗಂಜಿನ ನೆರಳಿನಲ್ಲಿ ಹಿರಿಯರೊಬ್ಬರು ಕುಳಿತು ಹರಿದ ಚಾಪೆ ಹೊಲಿಯುತ್ತಿದ್ದರು. ಗಂಜಿನ ಗೋಡೆಗೂ ಅವರ ಮನೆಯ ಗೋಡೆಗೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ತೂರುವಷ್ಟು ಜಾಗ. ಮಾಸ್ತರರು ಸಲಾಮು ಹೇಳಿ ಮಾತಿಗೆಳೆದರು.

"ಎಷ್ಟು ವರ್ಷ ಆತ್ರಿ ಅಜ್ಜಾರ, ಈ ಮನಿಯೊಳಗ?"

"ನನ್ನ ಅಜ್ಜನ ಅಜ್ಜ ಇಲ್ಲೇ ಹುಟ್ಟಿದ್ದಂತ್ರಿ. ನೀವು ಮೋಜಣಿಯವರ ಏನ್ರಿ?"

ಅಲ್ಲವೆಂದು ತಿಳಿದ ಮೇಲೆಯೇ ಅವರ ಮುಖ ಸಡಿಲಾಯಿತು. ಒಳಗಿನಿಂದ ಚಹಾ ಬಂದಿತು. ಆಗ ಅವರು ಹೇಳಿದ ಸಂಗತಿಯನ್ನು ಓದುಗರು ಲಕ್ಷ್ಯವಿಟ್ಟು ಕೇಳಬೇಕು. ಅವರ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿದೆ. ತೊಲೆ ಬದಲಿಸಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರಿನವರೆಗೆ ಅಪ್ಪಣೆಯಿಲ್ಲದೆ ಕೂಡದು ಎಂಬುದು 2010ರ ತಿದ್ದುಪಡಿಯಿಂದ ಬಂದ ಕಟ್ಟಳೆ. ದುರಸ್ತಿಗೆ ಅವಕಾಶವಿದೆ, ಅದಕ್ಕೂ ಅರ್ಜಿ ಬೇಕು. ಅರ್ಜಿಗೆ ಮನೆಯ ನಕ್ಷೆ ಬೇಕು, ಉತಾರ ಬೇಕು. ಉತಾರದಲ್ಲಿ ಸತ್ತುಹೋದ ದೊಡ್ಡಪ್ಪಂದಿರ ಹೆಸರಿದೆ. ಯಾವುದೋ ಕಚೇರಿಯಲ್ಲಿ ಅವರ ಕಾಗದ ಎಂಟು ತಿಂಗಳಿನಿಂದ ಮಲಗಿತ್ತು. ಸುತ್ತಮುತ್ತ ಹೆಜ್ಜೆ ಹೆಜ್ಜೆಗೂ ಸ್ಮಾರಕವಿರುವ ಈ ಊರಿನ ಕೋಟೆಯೊಳಗೆ ಇಂಥ ಮನೆ ಒಂದೆರಡಲ್ಲ.

ಕಟ್ಟಳೆ ಬೇಡವೆಂದು ನಾವು ಹೇಳುವುದಿಲ್ಲ. ಕಟ್ಟಳೆಯಿಲ್ಲದಿದ್ದ ಕಾಲದಲ್ಲಿ ಗೋಡೆಯ ಕಲ್ಲು ಕಿತ್ತು ಮನೆ ಕಟ್ಟಿದವರ ಗುರುತು ಊರ ತುಂಬ ಇದೆ. ಕಂದಕವನ್ನು ಮುಚ್ಚಿ ಅಂಗಡಿ ಹಾಕಿದವರೂ ಇದ್ದಾರೆ. ಆದರೆ ಕಮಾನಿಗೆ ಕೊಡುವ ಕಾಳಜಿಯ ನೂರರಲ್ಲೊಂದು ಪಾಲನ್ನು ಕಮಾನಿನ ಕೆಳಗೆ ಬಾಳುವವನಿಗೂ ಕೊಡುವುದು ಆಗದ ಮಾತೇ? ಓಣಿಯಲ್ಲಿಯೇ ಮೇಜು ಹಾಕಿ ಕುಳಿತು ದುರಸ್ತಿಯ ಅರ್ಜಿಗಳನ್ನು ತೀರಿಸುವ ಅಧಿಕಾರಿಯೊಬ್ಬರು ವರ್ಷಕ್ಕೆರಡು ಸಲ ಬಂದರೂ ಸಾಕಾಗಿತ್ತು ಎಂದು ಅಜ್ಜ ಹೇಳಿದರು. ಇದಕ್ಕಿಂತ ಕಡಿಮೆ ಖರ್ಚಿನ ಸಂರಕ್ಷಣಾ ಯೋಜನೆ ನಮಗಂತೂ ಹೊಳೆಯುತ್ತಿಲ್ಲ.

ಅರಕಿಲ್ಲೆ ಮತ್ತು ಗೋವೆಯ ದಾರಿ

ಓಣಿ ದಾಟಿ ಅರಕಿಲ್ಲೆ ಸೇರುವಾಗ ಮಧ್ಯಾಹ್ನ. ಕೋಟೆಯೊಳಗಿನ ಈ ಒಳಕೋಟೆಯೇ ರಾಜಧಾನಿಯ ಎದೆಗುಂಡಿಗೆ. ಕಂದಕದ ಒಳಬದಿಯಲ್ಲಿ ಅರಮನೆ, ನ್ಯಾಯಮಂದಿರ, ಏಳು ಮಹಡಿಯ ಸಾತ್ ಮಂಜಿಲ್, ಅದರ ಮುಂದೆ ಕೈಗೂಸಿನಂಥ ಜಲಮಂದಿರ. ಆದಿಲಶಾಹರಿಗೂ ಮುಂಚಿನ ಕರೀಮುದ್ದೀನ್ ಮಸೀದಿ ಇಲ್ಲಿಯೇ ಇದೆ. 1320ರ ಅದರ ಶಾಸನ, ಕಟ್ಟಿದವನು ಸಾಲೋಟಗಿಯ ಬಡಗಿ ರೇವೋಯನೆಂದು ಹೆಸರಿಸುತ್ತದೆ. ಇಂಡಿ ಸೀಮೆಯ ಬಡಗಿ ಹಳೆಯ ಗುಡಿಯ ಕಂಬಗಳನ್ನು ನಿಲ್ಲಿಸಿ ಮಸೀದಿ ಕಟ್ಟಿದನು. ಆ ಕೈಗಳಿಗೆ ಏನನ್ನಿಸಿತ್ತೋ. ಹತ್ತಿರದಲ್ಲಿಯೇ ಅರಳಿಯ ನೆರಳಿನಲ್ಲಿ ನರಸಿಂಹನ ಗುಡಿ. ಇಬ್ರಾಹಿಂ ಬಾದಶಹನೇ ಇಲ್ಲಿ ಬಂದು ಕೈಮುಗಿಯುತ್ತಿದ್ದನೆಂದು ಊರವರು ಹೇಳುತ್ತಾರೆ. ಗುರುವಾರವಾದ್ದರಿಂದ ಜನ ಸೇರಿದ್ದರು. ಪ್ರಸಾದವನ್ನು ನಮಗೂ ಕೊಟ್ಟರು.

ಗಗನ ಮಹಲಿನ ಮುಂದೆ ನಾವು ಬಹಳ ಹೊತ್ತು ಕುಳಿತೆವು. ನಡುವಿನ ಕಮಾನಿನ ಅಗಲವೇ 60 ಅಡಿಗೂ ಹೆಚ್ಚು. ಅರಸನು ಕುಳಿತರೆ ಅಂಗಳದಲ್ಲಿ ನೆರೆದ ಯಾವ ಪ್ರಜೆಗೂ ಕಂಬ ಅಡ್ಡವಾಗಬಾರದೆಂಬ ಉದ್ದೇಶದಿಂದ ಹೀಗೆ ಬಿಟ್ಟಿರಬೇಕು. 1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಊರು ಸೋತಾಗ, ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿಯಲ್ಲಿ ಕರೆತಂದು ನಿಲ್ಲಿಸಿದುದೂ ಇಲ್ಲಿಯೇ ಎಂದು ಹೇಳುತ್ತಾರೆ. ಇದು ಎಲ್ಲ ಮಾರ್ಗದರ್ಶಿ ಪುಸ್ತಕಗಳಲ್ಲಿ ಬರುವ ಸಂಗತಿ. ನಮ್ಮ ಓದುಗರಿಗೆ ಬೇಕಾದ ಇನ್ನೊಂದು ಸಂಗತಿ ಅವುಗಳಲ್ಲಿ ಬರುವುದಿಲ್ಲ.

ಈ ಮಹಲು ಕಟ್ಟಿದುದು ಮೊದಲನೆಯ ಅಲಿ ಆದಿಲಶಾಹನು, 1561ರ ಸುಮಾರಿಗೆ. ಅದೇ 1561ರಲ್ಲಿ, ಆತನ ಕೋರಿಕೆಯ ಮೇರೆಗೆ, ಗೋವೆಯಿಂದ ಯೇಸುಸಭೆಯ ಗುರು ಗೊನ್ಸಾಲೋ ರೊಡ್ರಿಗೇಸರು ಘಟ್ಟ ಹತ್ತಿ ಈ ಊರಿಗೆ ಬಂದರು. ಗೋವೆಯನ್ನು ಪೋರ್ಚುಗೀಜರು ಆದಿಲಶಾಹಿಯಿಂದ ಕಿತ್ತುಕೊಂಡುದು 1510ರಲ್ಲಿ. ಐವತ್ತು ವರ್ಷದ ಹಿಂದೆ ನೆಲ ಕಸಿದವರ ಧರ್ಮವೇನೆಂದು ತಿಳಿಯಲು ಅವರ ಗುರುವನ್ನೇ ಕರೆಸಿ ಕೇಳುವ ಅರಸನ ಕುತೂಹಲ ಸಾಮಾನ್ಯವಾದುದಲ್ಲ. ಅಕ್ಬರ ಬಾದಶಹನು ಗೋವೆಯ ಗುರುಗಳನ್ನು ಫತೇಪುರಕ್ಕೆ ಕರೆಸಿದುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದು ಇದರ ಹದಿನೆಂಟು ವರ್ಷದ ನಂತರದ ಮಾತು. ವಿಜಯಪುರದ ಭೇಟಿಯಿಂದ ಯಾರೂ ಮತಾಂತರಗೊಳ್ಳಲಿಲ್ಲ, ಒಪ್ಪಂದವೇನೂ ಆಗಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಇದೇ ಅಲಿಯು ಗೋವೆಗೆ ಮುತ್ತಿಗೆಯನ್ನೂ ಹಾಕಿದನು. ಆದರೂ ಗುರುಗಳು ಬಂದಾಗ ಈ ಕಮಾನಿನ ಗಾರೆ ಇನ್ನೂ ಹಸಿಯಿದ್ದಿರಬಹುದೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ. ಅವರಿಗೆ ಕುಡಿಯಲು ಕೊಟ್ಟ ನೀರು ಎಲ್ಲಿಯದಿರಬಹುದು ಎಂದು ಸಿಸ್ಟರ್ ಒಬ್ಬರು ಕೇಳಿದರು. ಮಾಸ್ತರರು ಪಶ್ಚಿಮಕ್ಕೆ ನೋಡಿದರು, ಉತ್ತರ ಕೊಡಲಿಲ್ಲ.

ಗೋವೆಗೂ ಈ ಊರಿಗೂ ನಂಟು ಅಲ್ಲಿಗೆ ಮುಗಿಯಲಿಲ್ಲ. ಪೋರ್ಚುಗೀಜರ ಬಾಯಲ್ಲಿ ಆದಿಲಖಾನನು ಇದಲ್ಕಾಂವ್ ಆದನು. ಪಣಜಿಯ ಮಾಂಡವಿ ದಂಡೆಯ ಹಳೆಯ ಸಚಿವಾಲಯವನ್ನು ಇಂದಿಗೂ ಇದಲ್ಕಾಂವನ ಅರಮನೆ ಎನ್ನುತ್ತಾರೆ. ಆ ಹೆಸರು ರೋಮಿನ ದಾಖಲೆಗಳಿಗೂ ಹೋಯಿತು. ಗೋವೆಯ ದಿವಾಡಿ ದ್ವೀಪದಲ್ಲಿ ಹುಟ್ಟಿದ ಮಾತೆವುಸ್ ದ ಕಾಸ್ತ್ರೋ ಎಂಬ ಗುರುವಿಗೆ, ಈ ನಾಡಿನವನೆಂಬ ಕಾರಣದಿಂದ, ಗೋವೆಯ ಅಧಿಕಾರಿಗಳು ಮನ್ನಣೆ ಕೊಡಲಿಲ್ಲ. ಅವರು ರೋಮಿಗೆ ಹೋದರು. 1637ರಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಗಿ, ಇದಲ್ಕಾನ್ ಸೀಮೆ, ಎಂದರೆ ಆದಿಲಶಾಹಿ ರಾಜ್ಯ, ಅವರ ಪಾಲನೆಗೆ ಒಪ್ಪಿಸಲ್ಪಟ್ಟಿತು. ಲ್ಯಾಟಿನ್ ವಿಧಿಯಲ್ಲಿ ಧರ್ಮಾಧ್ಯಕ್ಷರಾದ ಮೊದಲ ಭಾರತೀಯರು ಅವರೇ. ಗೋವೆಯವರು ಬಾಗಿಲು ಮುಚ್ಚಿದಾಗ ಅವರು ನೆಲೆಸಿದುದು ಆದಿಲಶಾಹನ ನೆಲವಾದ ಡಿಚೋಲಿಯಲ್ಲಿ. ತಮ್ಮ ಧರ್ಮದವರಿಂದ ದೊರೆಯದ ನೆಲೆ ಅನ್ಯಧರ್ಮದ ಅರಸನ ಆಶ್ರಯದಲ್ಲಿ ಅವರಿಗೆ ದೊರೆಯಿತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಹಳೆಯ ಕ್ರೈಸ್ತ ಸಮುದಾಯ ಬೇರೂರಿದುದೂ ಇದೇ ರಾಜ್ಯದ ನೆರಳಿನಲ್ಲಿ. ಇಂದು 2005ರಲ್ಲಿ ಸ್ಥಾಪಿತವಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿರುವ ವಿಜಯಪುರದ ನಮ್ಮ ಪುಟ್ಟ ಸಮುದಾಯದಲ್ಲಿ ಈ ಕಥೆ ಬಲ್ಲವರು ಎಷ್ಟು ಮಂದಿ ಎಂದು ನಮ್ಮ ತರುಣರನ್ನೇ ಕೇಳಿದೆವು. ಒಬ್ಬರೂ ಇರಲಿಲ್ಲ.

ಪರದೇಶಿಯರಿಗೆ ಜಾಗ ಕೊಡುವುದು ಈ ಊರಿನ ರೂಢಿಯಾಗಿತ್ತೆಂದು ತೋರುತ್ತದೆ. ಆಳುವ ಮನೆತನವೇ ಹೊರಗಿನಿಂದ ಬಂದದ್ದು. ಪರ್ಶಿಯಾದ ಕವಿಗಳು, ಆಫ್ರಿಕದ ಹಬಶಿ ಸರದಾರರು, ಮರಾಠಾ ದೇಸಾಯರು, ಹಾಲೆಂಡಿನ ಹಾರ್ಲೆಮ್ ಪಟ್ಟಣದ ಚಿತ್ರಕಾರ ಕಾರ್ನೆಲಿಸ್ ಹೇಡಾ ಕೂಡ. ಇಬ್ರಾಹಿಮನ ಆಸ್ಥಾನದಲ್ಲಿ ಬಣ್ಣ ಕಲಸಿಕೊಂಡಿದ್ದ ಈ ಹೇಡಾ 1622ರಲ್ಲಿ ಈ ರಾಜ್ಯದಲ್ಲಿಯೇ ತೀರಿಕೊಂಡನು. ಇವರೆಲ್ಲರೂ ಒಂದೇ ಸುರಂಗದ ನೀರು ಕುಡಿದವರು.

ಸೂರ್ಯ ಇಳಿಮುಖನಾದಾಗ, ಹೊರಡುವ ಮೊದಲು ಅಜ್ಜನ ಓಣಿಗೆ ಮತ್ತೊಮ್ಮೆ ಹೋದೆವು. ಮಾಸ್ತರರು ಅವರ ಅರ್ಜಿಯ ನಕಲನ್ನು ನೋಡಬೇಕೆಂದಿದ್ದರು. ತಪ್ಪು ಸಣ್ಣದಿತ್ತು. ವಾರಸಾ ಪ್ರಮಾಣಪತ್ರವೊಂದನ್ನು ಲಗತ್ತಿಸಿರಲಿಲ್ಲ. ಅದನ್ನು ಹೇಳಬೇಕಾದವರು ಎಂಟು ತಿಂಗಳು ಹೇಳಿರಲಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬನು ಜಗುಲಿಯ ಮೇಲೆ ಕುಳಿತು ಹೊಸ ಅರ್ಜಿ ಬರೆಯತೊಡಗಿದನು. ಪಕ್ಕದ ಮನೆಯವರು ಬಂದರು, ಅವರದೂ ಮಾಳಿಗೆಯ ಕಥೆಯೇ. ಅವರ ಹಿಂದೆ ಇನ್ನಿಬ್ಬರು. ಕಾಗದ ಸಾಲದೆ ಅಂಗಡಿಯಿಂದ ತರಿಸಬೇಕಾಯಿತು. ಬಬಲೇಶ್ವರದ ಮಿತ್ರರ ಕೊನೆಯ ಬಸ್ಸು ತಪ್ಪುವ ಲಕ್ಷಣ ಕಂಡಿತು; ಅವರು ಮಾತ್ರ ಅಜ್ಜನೊಡನೆ ಜೋಳದ ಧಾರಣೆಯ ಚರ್ಚೆಯಲ್ಲಿ ಮುಳುಗಿದ್ದರು.

ನಾಲ್ಕನೆಯ ಅರ್ಜಿಗೆ ಸಹಿ ಹಾಕಬೇಕಾದ ತಾಯಿ ಲೇಖನಿ ಹಿಡಿದದ್ದಷ್ಟೇ, ಓಣಿಯ ತುದಿಯಿಂದ ಹುಡುಗನೊಬ್ಬ, "ನಳ ಬಂತು, ನಳ ಬಂತು" ಎಂದು ಕೂಗುತ್ತ ಓಡಿಬಂದನು. ಕೃಷ್ಣೆಯ ನೀರು ನಾಲ್ಕು ದಿನಗಳ ನಂತರ ಬಂದಿತ್ತು. ಲೇಖನಿ ಕೆಳಗೆ ಬಿತ್ತು. ಕೊಡ, ಬಕೀಟು, ಪ್ಲಾಸ್ಟಿಕ್ ಡಬ್ಬಿಗಳ ಸದ್ದಿನಿಂದ ಓಣಿ ತುಂಬಿಹೋಯಿತು. "ಕುಂದರ್ರಿ ಸಾಹೇಬ್ರ, ಎರಡ ಕೊಡ ತುಂಬಿಸ್ಕೊಂಡು ಬಂದ್ಬಿಡ್ತೀನಿ" ಎಂದು ಅಜ್ಜನೂ ಚಾಪೆ ಬಿಟ್ಟೆದ್ದರು. ನಮ್ಮ ಸಿಸ್ಟರುಗಳು ಆಗಲೇ ಒಂದೊಂದು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದರು.